ದಾರಿಯ ಜೊತೆ: ರಾಘವಾಂಕನ ಬಾಲಕನೂ ಇರಾವತಿ ಕರ್ವೆಯವರ ದಿಂಡಿಯೂ

ಯಾತ್ರೆಯನ್ನು ಕುರಿತ ನಮ್ಮ ಬರವಣಿಗೆಯಲ್ಲಿ ಕ್ಷೇತ್ರಮಹಿಮೆಗೆ ಕೊರತೆಯಿಲ್ಲ, ಕೊರತೆಯಿರುವುದು ಸಹಯಾತ್ರಿಕನಿಗೆ. ಗೋಪುರದ ಎತ್ತರ, ಕೊಳದ ಆಳ, ಪೂಜೆಯ ಹೊತ್ತು ಇವೆಲ್ಲ ಬರುತ್ತವೆ. ಪಕ್ಕದಲ್ಲಿ ನಡೆದವನ ಕಾಲಿಗೆ ಬೊಕ್ಕೆ ಎದ್ದಿತೇ, ಎದ್ದಾಗ ಯಾರು ನಿಂತರು, ಯಾರು ಮುಂದೆ ಹೋದರು ಎಂಬುದು ಮಾತ್ರ ಬಾರದು. ನಾವು ಒಮ್ಮೆ ನಮ್ಮ ತರಗತಿಯ ಮಕ್ಕಳಿಗೆ ಯಾತ್ರೆಯ ವಿಷಯವಾಗಿ ಪ್ರಬಂಧ ಬರೆಯಹೇಳಿದಾಗಲೂ ಹೀಗೆಯೇ ಆಯಿತು. ಎಲ್ಲ ಪುಟಗಳಲ್ಲೂ ದೇವಾಲಯವೇ. ಒಬ್ಬ ಹುಡುಗಿ ಮಾತ್ರ, ತನ್ನ ಅಜ್ಜಿಯ ಚಪ್ಪಲಿ ಹರಿದಾಗ ಗುರುತಿಲ್ಲದ ಹೆಂಗಸೊಬ್ಬಳು ತನ್ನ ಚಪ್ಪಲಿ ಬಿಟ್ಟುಕೊಟ್ಟು ಬರಿಗಾಲಲ್ಲಿ ನಡೆದಳೆಂದು ಒಂದೇ ಸಾಲಿನಲ್ಲಿ ಬರೆದು, ಅದು ಪ್ರಬಂಧಕ್ಕೆ ಸಲ್ಲದೆಂದು ತಾನೇ ಹೊಡೆದುಹಾಕಿದ್ದಳು. ಹೊಡೆದುಹಾಕಿದ ಆ ಸಾಲಿಗೇ ನಾವು ಹೆಚ್ಚು ಅಂಕ ಕೊಟ್ಟೆವು. ಈ ಲೇಖನವೂ ಅಲ್ಲಿಂದಲೇ ಹುಟ್ಟಿತು.

ಸೊಲ್ಲಾಪುರ ಸೀಮೆಯಲ್ಲಿರುವ ನಮಗೆ ಈ ಸಂಬಂಧದಲ್ಲಿ ಎರಡು ಕೃತಿಗಳು ತೀರ ಹತ್ತಿರದವು. ಒಂದು, ಈ ಊರಿನ ಕತೆಯನ್ನೇ ಹೇಳುವ ರಾಘವಾಂಕನ ‘ಸಿದ್ಧರಾಮ ಚಾರಿತ್ರ’. ಇನ್ನೊಂದು, ಇದೇ ಜಿಲ್ಲೆಯ ಪಂಢರಪುರಕ್ಕೆ ನಡೆದುಬಂದ ವಿದುಷಿ ಇರಾವತಿ ಕರ್ವೆಯವರ ‘ವಾಟಚಾಲ’ ಎಂಬ ಮರಾಠಿ ಪ್ರಬಂಧ. ಕಾಲದಲ್ಲಿ ಇವೆರಡಕ್ಕೂ ಏಳುನೂರು ವರ್ಷಗಳಷ್ಟು ಅಂತರ. ಒಂದು ಷಟ್ಪದಿ, ಇನ್ನೊಂದು ಗದ್ಯ. ಆದರೂ ಇವನ್ನು ಒಟ್ಟಿಗೆ ಓದಬೇಕೆಂಬುದು ನಮ್ಮ ಅಭಿಪ್ರಾಯ.

ರಾಘವಾಂಕನ ಕಥೆ ವಾಚಕರಿಗೆ ತಿಳಿದದ್ದೇ. ಸೊನ್ನಲಿಗೆಯ ಹೊಲದಲ್ಲಿದ್ದ ಮುಗ್ಧ ಬಾಲಕನ ಬಳಿ ಮಲ್ಲಯ್ಯನು ಜಂಗಮವೇಷದಿಂದ ಬಂದು ಉಣಲು ಬೇಡುತ್ತಾನೆ. ಹುಡುಗನು ಮನೆಗೆ ಓಡಿ ಮಜ್ಜಿಗೆಯನ್ನ ತರುವಷ್ಟರಲ್ಲಿ ಬಂದವನಿಲ್ಲ. ‘ಮಲ್ಲಯ್ಯಾ’ ಎಂದು ಅಳುತ್ತ ತಿರುಗುವ ಆ ಮಗುವಿಗೆ ಶ್ರೀಶೈಲಕ್ಕೆ ಹೊರಟ ಯಾತ್ರಿಕರು ಎದುರಾಗುತ್ತಾರೆ. ನಿನ್ನ ಮಲ್ಲಯ್ಯ ಅಲ್ಲಿದ್ದಾನೆ, ಬಾ, ತೋರಿಸುತ್ತೇವೆ ಎಂದು ಕರೆದೊಯ್ಯುತ್ತಾರೆ. ಇಲ್ಲಿಂದ ಆ ಪರ್ವತಕ್ಕೆ ಕಾಗೆ ಹಾರಿದಷ್ಟು ನೇರವಾಗಿ ಅಳೆದರೂ 350 ಕಿಲೋಮೀಟರಿಗೆ ಮಿಕ್ಕಿದ ದೂರ. ಕೊನೆಯದೆಲ್ಲ ನಲ್ಲಮಲೆಯ ಕಾಡು. ಅಳುವ ಮಗುವನ್ನು ಹುಚ್ಚನೆಂದು ಬಿಟ್ಟುಹೋಗಬಹುದಿತ್ತು, ಅವರು ಬಿಡಲಿಲ್ಲ. ಈ ಯಾತ್ರಿಕರನ್ನು ಬಾಲಕನ ಭಕ್ತಿಗೆ ಹೋಲಿಸಿ ಜಡರೆಂದು ಹೀಗಳೆಯುವುದು ಸುಲಭ. ತರಗತಿಯಲ್ಲಿ ನಾವೂ ಎಷ್ಟೋ ಸಲ ಹಾಗೆ ಹೇಳಿದ್ದುಂಟು. ಅದು ತಪ್ಪೆಂದು ಈಗ ತೋರುತ್ತದೆ. ಅವರು ಸುಳ್ಳಾಡಲಿಲ್ಲ. ತಮಗೆ ತಿಳಿದ ಮಲ್ಲಯ್ಯನನ್ನು ತೋರಿಸಲು ಹೊರಟರು, ತೋರಿಸಿದರು.

ತೊಡಕು ಬರುವುದು ಅನಂತರ. ಗುಡಿಯೊಳಗಿನ ಲಿಂಗವನ್ನು ತೋರಿಸಿದಾಗ ಬಾಲಕನು ಇವನು ನನ್ನ ಮಲ್ಲಯ್ಯನಲ್ಲ ಎನ್ನುತ್ತಾನೆ. ಅವನಿಗೆ ಬೇಕಾದವನು ಹೊಲದಲ್ಲಿ ಮಾತಾಡಿದವನು, ಹಸಿದಿದ್ದವನು. ಇಲ್ಲಿಗೆ ಜೊತೆಯವರ ಕೈ ಸೋಲುತ್ತದೆ. ತಮ್ಮ ಯಾತ್ರೆ ಮುಗಿದಲ್ಲಿ ಎಲ್ಲರ ಯಾತ್ರೆಯೂ ಮುಗಿಯಿತೆಂದು ಅವರು ತಿಳಿದರು. ಹುಡುಗನು ಒಬ್ಬನೇ ಗಿರಿವನಗಳಲ್ಲಿ ಕೂಗಿ ಅಲೆದು, ಕೊನೆಗೆ ಕಮರಿಗೆ ಬೀಳಹೋದಾಗ ಹಿಡಿಯುವುದು ದೇವರ ಕೈ, ಯಾತ್ರಿಕರದಲ್ಲ. ಭಕ್ತಿಕಾವ್ಯಕ್ಕೆ ಇದು ತಕ್ಕ ಮುಕ್ತಾಯ. ಕವಿಯ ಮನಸ್ಸೆಲ್ಲ ಬಾಲಕನ ಮೊರೆಯ ಮೇಲಿದೆ, ಅಲ್ಲಿ ಅವನನ್ನು ಮೀರಿಸಿದವರು ವಿರಳ. ಆದರೆ ಓದಿ ಮುಗಿಸಿದ ಮೇಲೂ ನಮ್ಮ ಮನಸ್ಸು ಆ ತಂಡದ ಹಿಂದೆಯೇ ಹೋಗುತ್ತದೆ. ಕರೆತಂದ ಮಗು ಎಲ್ಲಿ ಎಂದು ಅವರಲ್ಲಿ ಒಬ್ಬನಾದರೂ ಮರಳುವ ಹಾದಿಯಲ್ಲಿ ತಿರುಗಿ ನೋಡಿದನೇ? ಕಾವ್ಯಕ್ಕೆ ಬೇಡವಾದ ಪ್ರಶ್ನೆಯಿದು. ಮಕ್ಕಳನ್ನು ಕಾಯುವ ಉಪಾಧ್ಯಾಯರಾದ ನಮಗೆ ಬಿಡಲಾಗದು.

ಈ ಪ್ರಶ್ನೆಯನ್ನೇ ಇನ್ನೊಂದು ಹಾದಿಯಲ್ಲಿ ಕೇಳಿದವರು ಇರಾವತಿಯವರು. ಆಳಂದಿಯಿಂದ ಜ್ಞಾನೇಶ್ವರರ ಪಾಲಖಿಯು ಜ್ಯೇಷ್ಠ ಬಹುಳ ಅಷ್ಟಮಿಯಂದು ಹೊರಟು, ಪುಣೆ, ಸಾಸವಡ, ಜೆಜುರಿ, ಫಲಟಣಗಳನ್ನು ಹಾಯ್ದು, ಆಷಾಢ ಶುದ್ಧ ಏಕಾದಶಿಗೆ ಪಂಢರಪುರದಲ್ಲಿರುತ್ತದೆ. ಮಳೆಗಾಲದ ಕೆಸರಿನಲ್ಲಿ ಸುಮಾರು ಮೂರು ವಾರದ ನಡಿಗೆ. ವಾರಕರಿಗಳು ದಿಂಡಿ ಎಂಬ ತಂಡಗಳಾಗಿ, ತಾಳ ಬಾರಿಸಿ ಹಾಡುತ್ತ ನಡೆಯುತ್ತಾರೆ. ಒಬ್ಬರನ್ನೊಬ್ಬರು ‘ಮಾಉಲಿ’, ತಾಯಿ, ಎಂದು ಕರೆಯುತ್ತಾರೆ. ಕಷ್ಟವನ್ನು ಕೇಳುವುದಕ್ಕೂ ಅಲ್ಲಿ ಒಂದು ಕ್ರಮವುಂಟು, ಅದು ನಮಗೆ ಬಹಳ ಹಿಡಿಸಿದೆ. ಸಂಜೆಯ ಸಮಾಜ ಆರತಿಗೆ ದಿಂಡಿಗಳೆಲ್ಲ ನೆರೆದಾಗ ಚೋಪದಾರನು ಬೆಳ್ಳಿಯ ದಂಡವನ್ನು ಎತ್ತುತ್ತಾನೆ. ಸಾವಿರಾರು ತಾಳಗಳು ಒಮ್ಮೆಗೇ ನಿಲ್ಲುತ್ತವೆ. ದೂರಿರುವ ದಿಂಡಿ ಮಾತ್ರ ನಿಲ್ಲಿಸದೆ ಬಾರಿಸುತ್ತಿರುತ್ತದೆ. ಚೋಪದಾರನು ಅವರ ಬಳಿಗೆ ಹೋಗಿ ಕೇಳಿದ ಮೇಲೆಯೇ ಆ ತಾಳ ಮೌನವಾಗುವುದು. ಕಳೆದುಹೋದ, ಸಿಕ್ಕಿದ ವಸ್ತುಗಳನ್ನು ಸಾರಿಹೇಳುವುದೂ ಅಲ್ಲಿಯೇ. ಅಳುವವನ ಸದ್ದು ಎಲ್ಲರ ಮೌನದ ನಡುವೆ ಕೇಳಿಸಬೇಕೆಂದು ಯಾರೋ ಯೋಚಿಸಿ ಮಾಡಿದ ಏರ್ಪಾಡಲ್ಲವೇ ಇದು!

ಆದರೆ ಬಾಯಿಬಿಟ್ಟು ದೂರಲಾಗದ ಕಷ್ಟವೂ ಒಂದಿದೆಯೆಂದು ಇರಾವತಿಯವರು ಕಂಡರು. ಅವರು ನಡೆದ ದಿಂಡಿಯಲ್ಲಿ ಬ್ರಾಹ್ಮಣರೂ ಮರಾಠರೂ ಇದ್ದರು. ದಿನವೆಲ್ಲ ಒಂದೇ ಸಂತರ ಒಂದೇ ಪದ, ಒಂದೇ ಕೆಸರು. ಊಟದ ಹೊತ್ತಿಗೆ ಒಲೆ ಬೇರೆ, ಪಂಕ್ತಿ ಬೇರೆ. ಲೇಖಕಿ ಮರಾಠ ಹೆಂಗಸರೊಡನೆ ಕುಳಿತು ಉಂಡರು. ಆಮೇಲೆ ಆ ಹೆಂಗಸರ ಸಲಿಗೆ ಹೆಚ್ಚಿತು, ಕೈಹಿಡಿದು ನಡೆದರು, ಮನೆಯ ಸುಖದುಃಖ ಹೇಳಿಕೊಂಡರು. ಪುಣೆಗೆ ಬಂದು ನಿಮ್ಮನ್ನು ಕಾಣುತ್ತೇವೆ ಎಂದೂ ಹೇಳಿದರು. ಆಗ ಒಬ್ಬಳು, ಅಲ್ಲಿಯೂ ನೀವು ನಮ್ಮೊಡನೆ ಈಗಿನಂತೆಯೇ ಇರುವಿರಾ ಎಂಬರ್ಥದ ಮಾತು ಕೇಳಿದಳಂತೆ. ಆ ಮಾತು ತಮ್ಮ ಮರ್ಮಕ್ಕೆ ತಾಕಿತೆಂದು ಲೇಖಕಿ ಬರೆದಿದ್ದಾರೆ. ಸಮರ್ಥನೆಯಿಲ್ಲ, ಸುಲಭದ ಉತ್ತರವೂ ಇಲ್ಲ. ಮಾನವಶಾಸ್ತ್ರಜ್ಞೆಯ ಪಾಂಡಿತ್ಯವೆಲ್ಲ ಆ ಹೆಂಗಸಿನೆದುರು ತಲೆತಗ್ಗಿಸಿ ನಿಂತದ್ದು ಈ ಪ್ರಬಂಧದ ದೊಡ್ಡ ಗುಣ.

ದೋಷವಿಲ್ಲವೆಂದಲ್ಲ. ಪಂಢರಪುರಕ್ಕೆ ಯಾತ್ರೆ ಹೋಗುವವರ ನಾಡೇ ಮಹಾರಾಷ್ಟ್ರವೆಂಬ ಹೊಸ ಲಕ್ಷಣವನ್ನು ಅವರು ಕೊಡುತ್ತಾರೆ. ಮಾತು ಚೆಲುವಾಗಿದೆ. ಆದರೆ ಆ ವಿಠ್ಠಲನನ್ನು ಕನ್ನಡದಲ್ಲಿ ಹಾಡಿದ ಹರಿದಾಸರ ಪರಂಪರೆಯನ್ನೂ, ಇಂದಿಗೂ ಆ ಬಾಗಿಲಲ್ಲಿ ಕನ್ನಡದಲ್ಲಿಯೇ ಬೇಡಿಕೊಳ್ಳುವ ನಮ್ಮ ಜನರನ್ನೂ ನೆನೆದರೆ ಈ ಲಕ್ಷಣ ಕೊಂಚ ಬಿಗಿಯಾಯಿತು. ಪಂಕ್ತಿಯ ಗೆರೆಯನ್ನು ಅಷ್ಟು ಚೆನ್ನಾಗಿ ಕಂಡ ಕಣ್ಣು ಭಾಷೆಯ ಈ ಗೆರೆಯನ್ನು ದಾಟಿ ನೋಡಲಿಲ್ಲ. ಗಡಿಯಲ್ಲಿ ಬಾಳುವವರು ನಾವು. ನಮಗೆ ಇದು ಬೇಗ ಚುಚ್ಚುತ್ತದೆ, ವಾಚಕರು ಕ್ಷಮಿಸಬೇಕು.

ಇಷ್ಟಾದರೂ ಎರಡು ಕೃತಿಗಳೂ ಸಹಾಯದ ಹಸ್ತ ಎಲ್ಲಿ ನಿಲ್ಲುತ್ತದೆಂಬುದನ್ನು ಮುಚ್ಚಿಡುವುದಿಲ್ಲ. ಒಂದರಲ್ಲಿ ಅದು ಗರ್ಭಗುಡಿಯ ಮುಂದೆ ನಿಂತಿತು. ಇನ್ನೊಂದರಲ್ಲಿ ಒಲೆಯ ಮುಂದೆ. ಹಾದಿಯುದ್ದಕ್ಕೂ ಎಲ್ಲರೂ ಎಲ್ಲರಿಗೂ ನೆರವಾದರೆಂದು ಬರೆಯುವ ಯಾತ್ರಾಕಥನಗಳು ನಮಗೆ ಬೇಕಾದಷ್ಟು ದೊರೆಯುತ್ತವೆ. ಅವುಗಳಲ್ಲಿ ಯಾರ ಮುಖವೂ ನೆನಪಿನಲ್ಲಿ ಉಳಿಯದು. ಪುಣೆಯ ಮಾತು ಕೇಳಿದ ಆ ಹೆಂಗಸು ಉಳಿಯುತ್ತಾಳೆ. ರಾಘವಾಂಕನಲ್ಲಿ ಉಳಿಯುವುದು ಕಮರಿಯ ಅಂಚಿನ ಮಗು, ಮತ್ತು ಅವನ ಮುಂದಿನ ಬಾಳು. ದೇವರು ಹಿಡಿದೆತ್ತಿದವನು ಶ್ರೀಶೈಲದಲ್ಲಿ ನೆಲೆಸದೆ ಸೊನ್ನಲಿಗೆಗೆ ಮರಳಿ ಊರಿಗೆ ಕೆರೆ ತೋಡಿಸಿದನು. ಬಾಯಾರಿದವನ ಗುರುತು ಕೇಳದ ಕೆರೆ ಅದು.

‘ವಾಟಚಾಲ’ದ ಇಂಗ್ಲಿಷ್ ಅನುವಾದ 1962ರಲ್ಲಿ ಹೊರಬಂದು ದೂರದ ವಿದ್ವಾಂಸರೆಲ್ಲ ಅದನ್ನು ಓದಿದರು. ಮರಾಠಿಯನ್ನು ದಿನವೂ ಓದುವ ನಮ್ಮ ಹತ್ತನೆಯ ತರಗತಿಯ ಮಕ್ಕಳಿಗೆ ಅದರ ಮೂಲವೇ ಎಟುಕುವಂಥದು. ಊಟದ ಪಂಕ್ತಿಯ ಆ ಎರಡು ಪುಟಗಳನ್ನು ಯಾರಾದರೂ ವಿದ್ಯಾರ್ಥಿ ಕನ್ನಡಕ್ಕೆ ತಂದು ಬರುವ ಸಂಚಿಕೆಯೊಳಗಾಗಿ ನಮಗೆ ತೋರಿಸಲಿ. ತಿದ್ದಿಕೊಡಲು ನಾವು ಸಿದ್ಧರಿದ್ದೇವೆ.