ಅಮೆರಿಕದ ಯುದ್ಧ, ನಮ್ಮ ಹತ್ತಿ, ಫುಲೆಯವರ ಅರ್ಪಣೆ

ಬೆಳಗಾವಿ-ಧಾರವಾಡ ಸೀಮೆಯ ಇತಿಹಾಸ ಬರೆಯುವವರು ಒಂದು ಕಥೆಯನ್ನು ತಪ್ಪದೆ ಹೇಳುತ್ತಾರೆ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ಉತ್ತರದ ನೌಕಾಪಡೆ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿತು. ಇಂಗ್ಲೆಂಡಿನ ಗಿರಣಿಗಳಿಗೆ ಹೋಗುತ್ತಿದ್ದ ಹತ್ತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಅಲ್ಲಿಯದೇ, ಅದು ನಿಂತಿತು. ಲ್ಯಾಂಕಾಶೈರ್ ಸಾಹುಕಾರರ ಕಣ್ಣು ನಮ್ಮ ಎರೆಭೂಮಿಯ ಮೇಲೆ ಬಿತ್ತು. ಸವದತ್ತಿ, ಬೈಲಹೊಂಗಲ, ಹುಬ್ಬಳ್ಳಿಯ ಹತ್ತಿಗೆ ಎಂದೂ ಕಾಣದ ಬೆಲೆ ಬಂತು. 1865ರಲ್ಲಿ ಯುದ್ಧ ಮುಗಿಯಿತು, ಬೆಲೆಯೂ ಇಳಿಯಿತು.

ಕಥೆ ಸುಳ್ಳಲ್ಲ. ಆದರೆ ಇದರೊಳಗೆ ಯಾರ್‍ಯಾರು ಇದ್ದಾರೆ ಎಣಿಸಿ ನೋಡಿರಿ. ಕಲೆಕ್ಟರ ಇದ್ದಾನೆ, ದಲಾಲಿ ಇದ್ದಾನೆ, ಸಾಹುಕಾರ ಇದ್ದಾನೆ, 'ರೈತ' ಎಂಬ ಜಾತಿಯಿಲ್ಲದ ಒಬ್ಬ ಮನುಷ್ಯನೂ ಇದ್ದಾನೆ. ಹತ್ತಿ ಬಿಡಿಸಿದವರಿಲ್ಲ.

ಖಾನಾಪುರದಲ್ಲಿ ಸೇರಿದ್ದ ಅಭ್ಯಾಸ ಕೂಟದಲ್ಲಿ ಈ ಮಾತು ತೆಗೆದಾಗ ಒಬ್ಬ ಮಾಸ್ತರರು ಎದ್ದು ಕೇಳಿದರು: "ಸರ, ನಮ್ಮ ಕಡೆ ಹತ್ತಿನ ಬೆಳೆಯೂದಿಲ್ಲ. ಮಳಿ ನಾಡು, ಭತ್ತ, ಅಡವಿ. ಈ ಅಮೆರಿಕದ ಯುದ್ಧಾ ತಗೊಂಡು ನಾವೇನ್ ಮಾಡೂಣ್ರಿ?" ಕೂತವರು ನಕ್ಕರು. ನಗುವಂಥ ಪ್ರಶ್ನೆ ಅದಲ್ಲ. ನನಗೆ ಅಲ್ಲಿ ಸರಿಯಾದ ಉತ್ತರ ಹೊಳೆಯಲಿಲ್ಲ. ಅದಕ್ಕೇ ಈ ಬರಹ.

ಮೊದಲು ಗ್ಯಾಝೆಟಿಯರಿನ ವಿಷಯ. ಬೆಳಗಾವಿ ಜಿಲ್ಲೆಯ ಹಳೆಯ ಗ್ಯಾಝೆಟಿಯರು 1884ರಲ್ಲಿ ಬಂದ, ಮುಂಬಯಿ ಸರಕಾರದ ಮಾಲೆಯ ಪುಸ್ತಕ. ನಮ್ಮ ಪಂಡಿತರು ಇವತ್ತಿಗೂ ಅದನ್ನೇ ಕದ್ದು ಬರೆಯುತ್ತಾರೆ. ಅದರ ಕಟ್ಟೋಣವನ್ನು ನೋಡಿರಿ. ಜಾತಿಗಳೆಲ್ಲ ಜನಸಂಖ್ಯೆಯ ಅಧ್ಯಾಯದಲ್ಲಿ: ಹೊಲೆಯರು, ಮಹಾರರು, ಮಾದಿಗರು ಏನು ತಿನ್ನುತ್ತಾರೆ, ಏನು ಉಡುತ್ತಾರೆ, ಹೆಣ ಹೂಳುತ್ತಾರೋ ಸುಡುತ್ತಾರೋ. ಹತ್ತಿ ಬೇಸಾಯದ ಅಧ್ಯಾಯದಲ್ಲಿ. ಸಾಲ, ಬಡ್ಡಿ, ಕೂಲಿ ಬಂಡವಾಳದ ಅಧ್ಯಾಯದಲ್ಲಿ. ಹೀಗೆ ಖಾನೆ ಖಾನೆ ಮಾಡಿದ ಮೇಲೆ ಹೊಲೆಯ ಒಂದು ಕುತೂಹಲದ ಪ್ರಾಣಿಯಾಗುತ್ತಾನೆ. ಯಾರ ಹೊಲದಲ್ಲಿ, ಎಷ್ಟು ಕಾಳಿಗೆ ದುಡಿದ ಎಂಬ ಪ್ರಶ್ನೆಯೇ ಹುಟ್ಟುವುದಿಲ್ಲ. ಬರೆದ ಸಾಹೇಬನಿಗೆ ಅದು ಬೇಕಾಗಿರಲಿಲ್ಲ, ಅವನಿಗೆ ಕಂದಾಯ ಬೇಕಾಗಿತ್ತು. ಆದರೆ ನಮ್ಮವರು ಏಕೆ ಅದೇ ಖಾನೆಗಳಲ್ಲಿ ಬರೆಯುತ್ತಾರೆ?

ಖಾನೆ ಒಡೆದು ಓದಿದರೆ ಬೇರೆಯೇ ಕಾಣುತ್ತದೆ. ಅಮೆರಿಕ ನಮ್ಮ ಕಡೆಗೆ ಬಂದದ್ದು 1861ರಲ್ಲಿ ಅಲ್ಲ. 1840ರಲ್ಲಿಯೇ ಕಂಪನಿ ಸರಕಾರ ಅಮೆರಿಕದಿಂದ ಹತ್ತಿ ಬೆಳೆಸುವ ಪ್ಲಾಂಟರರನ್ನು ಸಂಬಳ ಕೊಟ್ಟು ಕರೆಸಿತ್ತು. ಗುಲಾಮರ ಬೆನ್ನ ಮೇಲೆ ಚಾಟಿ ಆಡುತ್ತಿದ್ದ ಸೀಮೆಯ ಜಾಣತನ ಅದು. ಅವರಲ್ಲಿ ಮರ್ಸರ್ ಎಂಬವನು ಹುಬ್ಬಳ್ಳಿ ಹತ್ತಿರದ ಕುಸುಗಲ್ಲಿನಲ್ಲಿ ಪ್ರಯೋಗದ ಹೊಲ ಮಾಡಿದ. ನ್ಯೂ ಆರ್ಲಿಯನ್ಸ್ ಬೀಜ ಎರೆಯಲ್ಲಿ ಹತ್ತಿತು. ಜನ ಅದನ್ನು ವಿಲಾಯತಿ ಹತ್ತಿ ಅಂದರು, ತಮ್ಮದನ್ನು ಜವಾರಿ ಹತ್ತಿ ಅಂದರು.

ಜವಾರಿ ಹತ್ತಿಯ ಕಾಳು ಸುಲಭವಾಗಿ ಬಿಡುತ್ತದೆ. ಹೆಂಗಸರು ಕಲ್ಲಿನ ಮೇಲೆ ಕಬ್ಬಿಣದ ಸಲಾಕಿ ಇಟ್ಟು ಕಾಲಿನಿಂದ ಹೊರಳಿಸಿ ಅರಳೆ ಬಿಡಿಸುತ್ತಿದ್ದರು. ವಿಲಾಯತಿ ಹತ್ತಿಯ ಅರಳೆ ಕಾಳಿಗೆ ಅಂಟಿಕೊಂಡೇ ಇರುತ್ತದೆ, ಕಾಲಿಗೆ ಬಗ್ಗುವುದಿಲ್ಲ. ಅದಕ್ಕೆ ಗರಗಸದ ಹಲ್ಲಿನ ಯಂತ್ರ ಬೇಕು. 1793ರಲ್ಲಿ ಅಮೆರಿಕದ ಎಲೈ ವಿಟ್ನಿ ಮಾಡಿದ ಯಂತ್ರದ ಸಂತಾನ ಅದು. ಅಮೆರಿಕದಲ್ಲಿ ಯಂತ್ರ ಬಂದದ್ದರಿಂದ ಗುಲಾಮರ ಕಷ್ಟ ಕಡಿಮೆಯಾಯಿತೇ? 1790ರಲ್ಲಿ ಅಲ್ಲಿ ಸುಮಾರು 7 ಲಕ್ಷ ಗುಲಾಮರಿದ್ದರು, 1860ಕ್ಕೆ ಸುಮಾರು 40 ಲಕ್ಷ. ಕಾಳು ಬಿಡಿಸುವ ಕೆಲಸ ಚುರುಕಾದಷ್ಟೂ ಹೊಲ ಹೆಚ್ಚಿತು, ಹೊಲ ಹೆಚ್ಚಿದಷ್ಟೂ ಮನುಷ್ಯರ ಮಾರಾಟ ಹೆಚ್ಚಿತು. ಆ ಯಂತ್ರದ ಗಿರಣಿ ಧಾರವಾಡಕ್ಕೆ ಬಂದದ್ದನ್ನು 'ಪ್ರಗತಿ' ಎಂದು ಪಾಠ ಹೇಳುವಾಗ ಈ ಲೆಕ್ಕವನ್ನೂ ಹುಡುಗರ ಮುಂದೆ ಇಡಬೇಕು.

ಈಗ ಫುಲೆಯವರ ಅರ್ಪಣೆಗೆ ಬರೋಣ. ಜೋತಿಬಾ ಫುಲೆ 1873ರಲ್ಲಿ 'ಗುಲಾಮಗಿರಿ' ಪ್ರಕಟಿಸಿದರು. ಪುಸ್ತಕ ಮರಾಠಿ, ಅರ್ಪಣೆ ಇಂಗ್ಲಿಷು. ಕರಿಯರ ಗುಲಾಮಗಿರಿ ತೊಡೆಯಲು ನಿಸ್ವಾರ್ಥದಿಂದ ಹೋರಾಡಿದ ಅಮೆರಿಕದ ಸಜ್ಜನರಿಗೆ ಅದನ್ನು ಅರ್ಪಿಸಿದ್ದಾರೆ. ಅವರನ್ನು ನೋಡಿ ನಮ್ಮ ದೇಶದವರೂ ಶೂದ್ರರನ್ನು ಬ್ರಾಹ್ಮಣರ ದಾಸ್ಯದಿಂದ ಬಿಡಿಸಲಿ ಎಂಬ ಆಸೆ ಅದರಲ್ಲಿದೆ. ನಮ್ಮ ಸಭೆಗಳಲ್ಲಿ ಇದನ್ನು ಹೆಮ್ಮೆಯಿಂದ ಹೇಳುತ್ತೇವೆ, ಚಪ್ಪಾಳೆ ಹೊಡೆಯುತ್ತೇವೆ, ಮುಂದೆ ಹೋಗುತ್ತೇವೆ. ಅಲ್ಲಿಯೇ ನಿಲ್ಲಬೇಕು ಎಂಬುದು ನನ್ನ ತಕರಾರು.

ಆ ಅರ್ಪಣೆಯ ದೊಡ್ಡತನ ನನಗೆ ಗೊತ್ತು. ಪುಣೆಯ ಮಾಲಿಯೊಬ್ಬ ಜಾತಿಯನ್ನು ಧರ್ಮದ ವಿಷಯವೆಂದು ಬಿಡದೆ, ಗುಲಾಮಗಿರಿ ಎಂದು ಹೆಸರಿಟ್ಟು ಜಗತ್ತಿನ ಎದುರು ಹಿಡಿದ. ಅದೇ ಯುದ್ಧದಿಂದ ಮುಂಬಯಿಯ ಹತ್ತಿ ಸಾಹುಕಾರರು ಷೇರುಪೇಟೆಯಲ್ಲಿ ಕುಣಿದು 1865ರಲ್ಲಿ ಮುಗ್ಗರಿಸಿದ್ದರು. ಅವರಿಗೆ ಅದರಲ್ಲಿ ಹತ್ತಿ ಕಂಡಿತು, ಫುಲೆಗೆ ಮನುಷ್ಯ ಕಂಡ. ಆದರೆ ಅರ್ಪಣೆ ಹೋದದ್ದು ಬಿಡಿಸಿದ ಸಜ್ಜನರಿಗೆ. ಬಿಡಿಸಿಕೊಂಡವರಿಗಲ್ಲ. ಉತ್ತರದ ಸೈನ್ಯದಲ್ಲಿ ಸುಮಾರು 1 ಲಕ್ಷ 80 ಸಾವಿರ ಕರಿಯ ಸೈನಿಕರು ಹೋರಾಡಿದ್ದರು. ಲಕ್ಷಾಂತರ ಗುಲಾಮರು ಹೊಲ ಬಿಟ್ಟು ಓಡಿಬಂದು ದಕ್ಷಿಣದ ಧಣಿಗಳ ಸೊಂಟ ಮುರಿದರು; ಅದನ್ನು ಸಾರ್ವತ್ರಿಕ ಮುಷ್ಕರ ಎಂದು ಡಬ್ಲ್ಯು. ಇ. ಬಿ. ಡುಬಾಯ್ಸ್ 1935ರಲ್ಲಿ ವಾದಿಸಿದರು. ಪುಣೆಯಲ್ಲಿ ಕೂತ ಫುಲೆಗೆ ಈ ಸುದ್ದಿ ಮುಟ್ಟುವ ದಾರಿಯೇ ಮಿಷನರಿಗಳ, ಇಂಗ್ಲಿಷ್ ಪುಸ್ತಕಗಳ ದಾರಿ. ಅವರನ್ನು ದೂರಲಾರೆ. ಗೊತ್ತಿದ್ದೂ 'ಸಜ್ಜನರು ಬಂದು ಬಿಡಿಸುತ್ತಾರೆ' ಎಂಬ ಓದನ್ನೇ ಮುಂದುವರಿಸುತ್ತಿರುವ ನಮ್ಮನ್ನು ದೂರುತ್ತೇನೆ. 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಗಾಂಧಿ ಅಧ್ಯಕ್ಷರಾಗಿ ಸದಸ್ಯತ್ವಕ್ಕೆ ನೂಲಿನ ಕರಾರು ಹಾಕಿದರು. ಮತ್ತೆ ಹತ್ತಿಯೇ! ಅಲ್ಲಿಯೂ ಅಸ್ಪೃಶ್ಯತೆ ಸವರ್ಣರು ತೊಳೆದುಕೊಳ್ಳಬೇಕಾದ ಪಾಪವಾಗಿತ್ತು. ನಾಲ್ಕೇ ತಿಂಗಳಿಗೆ, 1925ರ ಏಪ್ರಿಲ್‌ನಲ್ಲಿ, ಇದೇ ಜಿಲ್ಲೆಯ ನಿಪ್ಪಾಣಿಯಲ್ಲಿ ಅಂಬೇಡ್ಕರ್ ಬಹಿಷ್ಕೃತರ ಪರಿಷತ್ತು ನಡೆಸಿದರು. ಮೊದಲನೆಯದಕ್ಕೆ ಬೆಳಗಾವಿಯಲ್ಲಿ ಸ್ಮಾರಕ ಇದೆ. ಎರಡನೆಯದು ನಮ್ಮ ಎಷ್ಟು ಶಾಲೆಗಳಲ್ಲಿ ಪಾಠವಾಗಿದೆ?

ಯುದ್ಧ ಮುಗಿದ ಮೇಲೆ ಆದದ್ದೇ ಮುಖ್ಯ. 1865ರ ಜನವರಿಯಲ್ಲಿ ಜನರಲ್ ಶೆರ್ಮನ್, ಬಿಡುಗಡೆಯಾದ ಒಂದೊಂದು ಕುಟುಂಬಕ್ಕೆ 40 ಎಕರೆಯವರೆಗೆ ಭೂಮಿ ಎಂದು ಹುಕುಂ ಹೊರಡಿಸಿದ. ಲಿಂಕನ್ ಕೊಲೆಯಾದ, ಅಧ್ಯಕ್ಷನಾದ ಆಂಡ್ರ್ಯೂ ಜಾನ್ಸನ್ ಅದೇ ವರ್ಷ ಆ ಭೂಮಿಯನ್ನು ಹಳೆಯ ಧಣಿಗಳಿಗೇ ತಿರುಗಿಸಿದ. ಕರಿಯರು ಅದೇ ಹೊಲದಲ್ಲಿ ಪಾಲಿಗೆ ದುಡಿದರು. ಬೀಜ ಸಾಲ, ಹಿಟ್ಟು ಸಾಲ, ವರ್ಷದ ಕೊನೆಗೆ ಲೆಕ್ಕ ಧಣಿಯ ಕೈಯಲ್ಲಿ. ಈ ಲೆಕ್ಕ ನಮ್ಮೋರಿಗೆ ಹೊಸದೇನ್ರಿ? 1877ರಲ್ಲಿ ಉತ್ತರದ ಸೈನ್ಯ ಕಾವಲು ಬಿಟ್ಟು ಹಿಂದೆ ಸರಿಯಿತು, ಕರಿಯರ ಮತದ ಹಕ್ಕೂ ಮೆಲ್ಲಗೆ ಹೋಯಿತು. ಅದೇ 1877ರಲ್ಲಿ ನಮ್ಮ ಬೆಳಗಾವಿ, ಧಾರವಾಡ, ಕಲಾದಗಿಯಲ್ಲಿ ಬರ. ಗಂಜಿ ಕೆಲಸದ ಆಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ ಸಾಕು ಎಂದು ರಿಚರ್ಡ್ ಟೆಂಪಲ್ ತೀರ್ಮಾನಿಸಿದ. ಹತ್ತಿಯ ಬಂಗಾರ ಹನ್ನೆರಡು ವರ್ಷ ಕೂಡ ಹೊಟ್ಟೆ ಕಾಯಲಿಲ್ಲ.

ಈಗ ಖಾನಾಪುರದ ಮಾಸ್ತರರಿಗೆ ಉತ್ತರ. ಯುದ್ಧದ ಕಾಲಕ್ಕೆ ಹತ್ತಿ ಎತ್ತಿನ ಬೆನ್ನ ಮೇಲೆ, ಚಕ್ಕಡಿಯಲ್ಲಿ ಘಟ್ಟ ಇಳಿದು ಕುಮಟೆಗೆ, ವೆಂಗುರ್ಲೆಗೆ ಹೋಗುತ್ತಿತ್ತು; ಮುಂಬಯಿ ಪೇಟೆಯಲ್ಲಿ ನಮ್ಮ ಜವಾರಿ ಹತ್ತಿಗೆ 'ಕುಮಟಾ' ಎಂಬ ಹೆಸರೇ ಬಿತ್ತು. ಆಮೇಲೆ 1880ರ ದಶಕದಲ್ಲಿ ನಿಮ್ಮ ತಾಲೂಕಿನ ಅಡವಿ ಸೀಳಿ ಲೋಂಡಾ ಮೇಲೆ ಮುರ್ಮಗೋವೆಗೆ ರೈಲು ಹಾಕಿದರು. ಒಳನಾಡಿನ ಮಾಲು ಸಮುದ್ರಕ್ಕೆ ಮುಟ್ಟಲಿ ಎಂದು. ಹತ್ತಿ ಬೆಳೆಯದಿದ್ದರೂ ಹತ್ತಿಯ ದಾರಿ ನಿಮ್ಮ ಊರ ಮೇಲೆಯೇ ಹೋಗಿದೆ.

ಇನ್ನೊಂದು ಉತ್ತರ ವತನದ್ದು. ಅಮೆರಿಕದ ಕರಿಯನಿಗೆ ಭೂಮಿ ಕೊಟ್ಟು ಕಸಿದರು. ನಮ್ಮ ಮಹಾರ, ಹೊಲೆಯರಿಗೆ ತುಂಡು ವತನ ಭೂಮಿ ಕೊಟ್ಟು, ಅದರ ಹಗ್ಗದಿಂದ ಹಗಲು ರಾತ್ರಿ ಊರ ಬಿಟ್ಟಿಗೆ ಕಟ್ಟಿದರು. 1874ರ ಮುಂಬಯಿ ವತನ ಕಾಯಿದೆ ಆ ಗಂಟನ್ನು ಬಿಗಿ ಮಾಡಿತು. ಅದನ್ನು ಬಿಚ್ಚಲೆಂದು ಅಂಬೇಡ್ಕರ್ 1928ರಲ್ಲಿ ಮುಂಬಯಿ ಕೌನ್ಸಿಲಿನಲ್ಲಿ ಮಸೂದೆ ತಂದರು, ಅದು ಪಾಸಾಗಲಿಲ್ಲ. ಅಮೆರಿಕದಲ್ಲಿ ಓದಿ ಬಂದ ಅದೇ ಅಂಬೇಡ್ಕರ್ 1946ರಲ್ಲಿ ಕಾಗದ ಬರೆದದ್ದು ಅಲ್ಲಿಯ ಸಜ್ಜನರಿಗಲ್ಲ, ಡುಬಾಯ್ಸ್‌ಗೆ: ಕರಿಯರು ವಿಶ್ವಸಂಸ್ಥೆಗೆ ಕೊಟ್ಟ ಅರ್ಜಿಯ ಪ್ರತಿ ಬೇಕು, ನಮ್ಮವರೂ ಅಂಥದೇ ಅರ್ಜಿ ಹಾಕುವ ವಿಚಾರದಲ್ಲಿದ್ದಾರೆ ಎಂದು. ಫುಲೆಯ ಅರ್ಪಣೆಯ ಪಕ್ಕದಲ್ಲಿ ಈ ಕಾಗದ ಇಟ್ಟು ಓದಬೇಕು.

ವತನ ರದ್ದಾದದ್ದು ಇಲ್ಲಿ 1961ರ ಕಾಯಿದೆಯಿಂದ. ಭೂಮಿ ವತನದಾರನಿಗೇ ಮರುಮಂಜೂರಾಗಬೇಕು ಎಂದು ಅದರಲ್ಲಿದೆ. ಮಾಸ್ತರರಿಗೆ ಇಷ್ಟೇ ಕೇಳಿದೆ: ನಿಮ್ಮೂರಾಗ ಆ ಹೊಲ ಈಗ ಯಾರ ಉತಾರದಾಗ ಐತ್ರಿ? "ನೋಡಿಲ್ರಿ" ಅಂದರು. ಸ್ವಲ್ಪ ತಡೆದು, "ಅಪ್ಪಗ ಗೊತ್ತಿತ್ತು" ಅಂದರು.