ಆಕಾಶ ಬೀಳುವುದು ನಾಳೆ

ಕೆಟ್ಟ ಸುದ್ದಿ ಕೇಳಿದಾಗ ‘ಆಕಾಶವೇ ಕಳಚಿ ಬಿದ್ದ ಹಾಗಾಯ್ತು’ ಅನ್ನುತ್ತೇವೆ. ನಮಗೆ ಅದು ಬರೀ ಮಾತಿನ ಧಾಟಿ. ಆದರೆ ಈ ಮಾತನ್ನು ನಿಜವೆಂದೇ ನಂಬಿ ಹೆದರುವ ಊರಗೌಡನೊಬ್ಬನಿದ್ದಾನೆ. ಫ್ರಾನ್ಸಿನ ‘ಆಸ್ಟೆರಿಕ್ಸ್’ ಕಾರ್ಟೂನ್ ಕಥೆಗಳ ವೈಟಲ್‌ಸ್ಟಾಟಿಸ್ಟಿಕ್ಸ್. ಡೊಂಬಿವಲಿಯ ಬಾಡಿಗೆ ಪುಸ್ತಕದಂಗಡಿಯಿಂದ ನನ್ನ ಮಕ್ಕಳು ತರುತ್ತಿದ್ದ ಇಂಗ್ಲಿಷ್ ಅನುವಾದಗಳಲ್ಲಿ ನನಗೆ ಇವನ ಪರಿಚಯವಾಯಿತು. ಅಂಕಿಅಂಶವನ್ನೇ ಹೆಸರಾಗಿ ಇಟ್ಟುಕೊಂಡವನ ಮೇಲೆ ಬ್ಯಾಂಕಿನವನಿಗೆ ಪ್ರೀತಿ ಹುಟ್ಟದೆ ಇರುತ್ತದೆಯೇ!

ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. ಕಾಲ ಕ್ರಿ.ಪೂ. 50. ಗಾಲ್ ದೇಶವೆಲ್ಲ ಜೂಲಿಯಸ್ ಸೀಸರನ ಕೈಸೇರಿದೆ, ಒಂದು ಹಳ್ಳಿಯನ್ನು ಬಿಟ್ಟು. ಅಲ್ಲಿಯ ಪುರೋಹಿತ ಕಾಯಿಸುವ ಕಷಾಯ ಕುಡಿದರೆ ಆನೆಬಲ. ಊರಿನ ಮುಖಂಡನಿಗೆ ರೋಮನ್ನರ ಹೆದರಿಕೆ ಎಳ್ಳಷ್ಟೂ ಇಲ್ಲ. ಅವನಿಗಿರುವುದು ಒಂದೇ ಭಯ, ನಾಳೆ ಆಕಾಶ ತನ್ನ ತಲೆಯ ಮೇಲೆ ಬಿದ್ದೀತು ಅಂತ. ಸಮಾಧಾನವೂ ಅವನಲ್ಲೇ ಇದೆ: ನಾಳೆ ಅನ್ನೋದು ಎಂದೂ ಬರುವುದಿಲ್ಲವಲ್ಲ!

ಇದು ಬರೀ ತಮಾಷೆಗೆ ಹೊಸೆದದ್ದಲ್ಲ. ಕ್ರಿ.ಪೂ. 335ರಲ್ಲಿ ಡ್ಯಾನ್ಯೂಬ್ ನದಿಯ ಬಳಿ ಅಲೆಕ್ಸಾಂಡರನನ್ನು ಕಾಣಲು ಏಡ್ರಿಯಾಟಿಕ್ ಕಡಲ ಕಡೆಯ ಕೆಲ್ಟ್ ಜನರು ಬಂದಿದ್ದರಂತೆ. ನಿಮಗೆ ಎಲ್ಲಕ್ಕಿಂತ ಹೆಚ್ಚು ಯಾವುದರ ಭಯ ಎಂದು ಅವನು ಕೇಳಿದ. ನಿನ್ನದೇ ಎಂದಾರು ಅನ್ನುವ ಆಸೆ. ಅವರೋ, ಆಕಾಶ ನಮ್ಮ ಮೇಲೆ ಬಿದ್ದೀತು ಎಂಬುದೊಂದೇ ಎಂದರು. ಸ್ಟ್ರೇಬೊ, ಏರಿಯನ್ ಇಬ್ಬರೂ ಇದನ್ನು ಬರೆದಿಟ್ಟಿದ್ದಾರೆ. ಇವರೆಲ್ಲ ಜಂಬದ ಜನ ಎಂದು ಅಲೆಕ್ಸಾಂಡರ್ ಗೊಣಗಿದನೆಂದು ಏರಿಯನ್ ಹೇಳುತ್ತಾನೆ. ಆ ಉತ್ತರದಲ್ಲಿ ಭಯಕ್ಕಿಂತ ಗತ್ತೇ ಹೆಚ್ಚು ನೋಡಿ. ಆಕಾಶಕ್ಕೆ ಮಾತ್ರ ಹೆದರುವವನು ಮನುಷ್ಯರಾರಿಗೂ ತಲೆಬಾಗಬೇಕಿಲ್ಲ.

ಈ ಗತ್ತನ್ನು ಕಥೆಗಾರ ರೆನೆ ಗೊಸಿನ್ನಿ ಚೆನ್ನಾಗಿ ಬಳಸಿಕೊಂಡ. 1966ರ ನಾರ್ಮನ್ನರ ಕಥೆಯಲ್ಲಿ ಭಯವೆಂದರೇನೆಂದೇ ಅರಿಯದ ಜನ, ಅದನ್ನು ಕಲಿಯಲೆಂದು ಹಡಗೇರಿ ಬರುತ್ತಾರೆ. ಭಯವಿಲ್ಲದವನಲ್ಲಿ ಏನೋ ಊನವಿದೆ ಎಂಬ ಧ್ವನಿ ಅಲ್ಲಿದೆ. 1972ರಲ್ಲಿ ಬಂದ ಕಣಿ ಹೇಳುವವನ ಕಥೆಯಲ್ಲಿ ಪುರೋಹಿತ ಊರಲ್ಲಿಲ್ಲ, ಗುಡುಗು ಸಿಡಿಲಿಗೆ ಊರೆಲ್ಲ ಗೌಡನ ಮನೆಯಲ್ಲಿ ಮುದುಡಿ ಕೂತಿದೆ. ಆ ಹೊತ್ತಿಗೆ ಬಂದ ಠಕ್ಕನೊಬ್ಬ ಆ ಭಯದ ಮೇಲೆಯೇ ಹೊಟ್ಟೆ ಹೊರೆಯುತ್ತಾನೆ. ಅದೇ ವರ್ಷದ ಇನ್ನೊಂದು ಪುಸ್ತಕದಲ್ಲಿ ನಮ್ಮ ಗೌಡನ ನಿಜವಾದ ಸಂಕಟ ಬಯಲಾಗುತ್ತದೆ: ಪಟ್ಟಣದಲ್ಲಿ ದುಡ್ಡು ಮಾಡಿರುವ ಹೆಂಡತಿಯ ಅಣ್ಣ! ಆಕಾಶದ ಭಯವನ್ನು ಊರೆದುರು ಹೇಳಿಕೊಳ್ಳಬಹುದು, ಹೆಂಡತಿಯ ಅಣ್ಣನೆದುರು ಸಣ್ಣವನಾಗುವ ಭಯವನ್ನು ಹೇಳಿಕೊಳ್ಳಲಾದೀತೆ?

ಈ ಹಳ್ಳಿಯನ್ನು ಕಟ್ಟಿದವರಿಬ್ಬರೂ ವಲಸಿಗರ ಮಕ್ಕಳು. ಗೊಸಿನ್ನಿ ಪ್ಯಾರಿಸ್ಸಿನಲ್ಲಿ ಹುಟ್ಟಿ ಅರ್ಜೆಂಟೀನಾದಲ್ಲಿ ಬೆಳೆದ ಯಹೂದಿ. ತಾಯಿಯ ಕಡೆಯ ಬಂಧುಗಳಲ್ಲಿ ಕೆಲವರು ನಾಜಿ ಶಿಬಿರಗಳಲ್ಲಿ ಸತ್ತರು. ಚಿತ್ರಕಾರ ಆಲ್ಬೇರ್ ಉದೆರ್ಜೊ ಇಟಲಿಯಿಂದ ಬಂದವರ ಮಗ. ಗೌಡನ ಭಯದ ಬೇರು ಅಲ್ಲಿಯೇ ಇದೆ ಎಂದು ನಾನು ಹೇಳಲಾರೆ. ಆದರೆ ಆಕಾಶ ಬೀಳುವುದನ್ನು ತನ್ನವರ ಮನೆಗಳಲ್ಲೇ ಕಂಡವನು ಅದನ್ನು ನಗೆಯಾಗಿಸಿದ ಅನ್ನುವಾಗ ಆ ನಗೆಯ ತೂಕ ಬೇರೆಯಾಗುತ್ತದೆ.

ಗೊಸಿನ್ನಿ 1977ರಲ್ಲಿ ತೀರಿಕೊಂಡ. 2005ರಲ್ಲಿ ಉದೆರ್ಜೊ ಒಬ್ಬನೇ ಮಾಡಿದ 33ನೆಯ ಪುಸ್ತಕದಲ್ಲಿ ಆಕಾಶ ‘ಬಿದ್ದೇ’ ಬಿಟ್ಟಿತು. ಹಳ್ಳಿಯ ಮೇಲೆ ಬೇರೆ ಲೋಕದವರ ನೌಕೆ ಬಂದು ನಿಂತಿತು. ನನ್ನ ಲೆಕ್ಕದಲ್ಲಿ ಸರಣಿಯ ದೊಡ್ಡ ನಷ್ಟದ ಬಾಬ್ತು ಇದೇ. ನಾಳೆಗೆ ಇಟ್ಟ ಠೇವಣಿಯನ್ನು ಇಂದೇ ಮುರಿದ ಹಾಗೆ. ಬೀಳದೆ ಇರುವವರೆಗೆ ಮಾತ್ರ ಆ ಆಕಾಶಕ್ಕೆ ಬೆಲೆಯಿತ್ತು.

ಊರಿನಲ್ಲಿರುವ ನಿಮಗೆ ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ಮುಂಬಯಿಯ ಕನ್ನಡಿಗರಾದ ನಮಗೂ ಇಂಥದೊಂದು ಆಕಾಶವಿದೆ. ‘ಇನ್ನೊಂದು ತಲೆಮಾರು, ಆಮೇಲೆ ಇಲ್ಲಿ ಕನ್ನಡ ಮುಗೀತು’ ಎಂಬ ಮಾತನ್ನು ಸಂಘದ ಸಭೆಗಳಲ್ಲಿ ಮೂವತ್ತು ವರ್ಷ ಕೇಳಿದ್ದೇನೆ. ಭಾಷಣ ಮುಗಿದ ಮೇಲೆ ಉಪ್ಪಿಟ್ಟು ತಿಂದು, ಮುಂದಿನ ರಾಜ್ಯೋತ್ಸವಕ್ಕೆ ಹಾಲ್ ಗೊತ್ತು ಮಾಡಿ ಮನೆಗೆ ಹೋಗುತ್ತೇವೆ. ಇದರಲ್ಲಿ ತಪ್ಪೇನಿಲ್ಲ. ಆ ಭಯವೇ ನಮ್ಮನ್ನು ಒಂದು ಕಡೆ ಸೇರಿಸಿದೆ.

ಆದರೆ ಗೌಡನ ಹಾಗೆ ನಾವೂ ದೊಡ್ಡ ಭಯದ ಹಿಂದೆ ಸಣ್ಣದನ್ನು ಬಚ್ಚಿಡುತ್ತೇವೆ. ಊರಿಂದ ಅಜ್ಜಿ ಫೋನ್ ಮಾಡಿದಾಗ ಮೊಮ್ಮಗು ‘ಊಟ ಆಯ್ತಾ ಅಜ್ಜಿ?’ ಅಂತ ಕೇಳೀತೋ, ರಿಸೀವರನ್ನು ಅಮ್ಮನ ಕೈಗೆ ಕೊಟ್ಟು ಓಡೀತೋ? ಈ ಭಯ ನಾಳೆಯದಲ್ಲ, ಪ್ರತಿ ಭಾನುವಾರ ಸಂಜೆಯದು. ಇದಕ್ಕೆ ಸಭೆ ಬೇಕಿಲ್ಲ, ಮಗುವಿನ ಜತೆ ದಿನಾ ಹತ್ತು ನಿಮಿಷ ಕನ್ನಡದಲ್ಲಿ ಮಾತಾಡಿದರೆ ಸಾಕು.