ಕಳಚಲಾಗದ ಲೆನ್ಸ್: ಒಲಿಂಪಸ್ ಇ-10ರ ಮೈಕಟ್ಟಿನ ಬಗ್ಗೆ

2000ನೇ ಇಸವಿಯಲ್ಲಿ ಡಿಜಿಟಲ್ ಎಸ್‌ಎಲ್‌ಆರ್ ಎಂದರೆ ಬಹುಮಟ್ಟಿಗೆ ಫಿಲ್ಮ್ ಕ್ಯಾಮೆರಾದ ವಂಶದ್ದೇ. ನಿಕಾನ್ ಡಿ1, ಕ್ಯಾನನ್ ಡಿ30 ಎರಡಕ್ಕೂ ಬೀರುವಿನಲ್ಲಿದ್ದ ಹಳೆಯ ಲೆನ್ಸುಗಳು ಕೂರುತ್ತಿದ್ದವು, ಕೊಳ್ಳುವವರಿಗೆ ಅದೇ ದೊಡ್ಡ ಆಕರ್ಷಣೆಯಾಗಿತ್ತು. ಅದೇ ವರ್ಷ ಒಲಿಂಪಸ್ ಹೊರತಂದ ಇ-10 ಮಾತ್ರ ಲೆನ್ಸನ್ನು ಮೈಗೇ ಬೆಸೆದುಕೊಂಡು ಬಂತು. ಅಮೆರಿಕದಲ್ಲಿ ಅದರ ಬೆಲೆ ಸುಮಾರು 2,000 ಡಾಲರ್. ಅಷ್ಟು ದುಡ್ಡು ಕೊಟ್ಟೂ ಲೆನ್ಸ್ ಬದಲಾಯಿಸುವಂತಿಲ್ಲವೇ ಎಂಬ ಆಕ್ಷೇಪ ಅಂದಿನಿಂದ ಇಂದಿನವರೆಗೂ ಅದರ ಬೆನ್ನು ಬಿಟ್ಟಿಲ್ಲ. ಆಕ್ಷೇಪ ಸರಿಯಾದದ್ದೇ. ಅದಕ್ಕೆ ಕೊಡುವ ಕಾರಣ ಮಾತ್ರ ಸಾಮಾನ್ಯವಾಗಿ ತಪ್ಪಾಗಿರುತ್ತದೆ.

ಮೊದಲು ಲೆನ್ಸನ್ನೇ ನೋಡೋಣ. 9ರಿಂದ 36 ಮಿಲಿಮೀಟರ್ ಜೂಮ್, ಅಂದರೆ ಫಿಲ್ಮ್ ಲೆಕ್ಕದಲ್ಲಿ 35ರಿಂದ 140. ಅಪರ್ಚರ್ ಅಗಲ ತುದಿಯಲ್ಲಿ ಎಫ್/2.0, ಉದ್ದ ತುದಿಯಲ್ಲೂ ಎಫ್/2.4. ಬಿಡಿಯಾಗಿ ಮಾರುವ ಜೂಮ್ ಲೆನ್ಸುಗಳಲ್ಲಿ ಇಷ್ಟು ಬೆಳಕು ಹಿಡಿಯುವುದು ಸಿಕ್ಕುವುದೇ ಅಪರೂಪ. ಇದು ಸಾಧ್ಯವಾದದ್ದು ಬೆಸುಗೆಯಿಂದಲೇ. ಹಿಂದಿರುವ ಮೂರನೇ ಎರಡು ಇಂಚಿನ ಸೆನ್ಸರ್ ಒಂದಕ್ಕೇ ಅಳೆದು ಹೊಲಿದ ಲೆನ್ಸ್ ಇದು. ಬೇರೆ ಯಾವ ದೇಹಕ್ಕೂ ಹೊಂದಬೇಕಾದ ಹಂಗು ಇದಕ್ಕಿರಲಿಲ್ಲ. ಸಿಸಿಡಿ ಸೆನ್ಸರಿಗೆ ಬೆಳಕು ಆದಷ್ಟೂ ನೇರವಾಗಿ ಬೀಳಬೇಕು, ಓರೆಯಾಗಿ ಬಿದ್ದರೆ ಮೂಲೆಗಳು ಮಂಕಾಗುತ್ತವೆ. ಫಿಲ್ಮಿಗಾಗಿ ಮಾಡಿದ ಲೆನ್ಸುಗಳು ಇದನ್ನು ಲೆಕ್ಕಕ್ಕೆ ಹಿಡಿದವಲ್ಲ. ಇನ್ನು ಧೂಳಿನ ಮಾತು. ಬಾಯಿ ತೆರೆಯದ ಕ್ಯಾಮೆರಾದ ಸೆನ್ಸರ್ ಮೇಲೆ ಧೂಳು ಬಂದು ಕೂರುವುದು ತೀರ ಅಪರೂಪ. ಬೇಸಿಗೆಯ ಬಯಲಿನಲ್ಲಿ ಲೆನ್ಸ್ ಬದಲಾಯಿಸಿ, ಆಮೇಲೆ ಆಕಾಶದ ತುಂಬ ಕಪ್ಪು ಚುಕ್ಕೆ ಕಂಡವರಿಗೆ ಇದರ ಬೆಲೆ ಗೊತ್ತು.

ಜೂಮ್ ಉಂಗುರ ಯಾಂತ್ರಿಕವಾದದ್ದು. ಕೈ ತಿರುಗಿಸಿದಷ್ಟೇ ಗಾಜು ಸರಿಯುತ್ತದೆ. ಗುಂಡಿ ಒತ್ತಿ ಮೋಟಾರ್ ಗುಂಯ್ಗುಡುವುದನ್ನು ಕಾಯಬೇಕಿದ್ದ ಆ ಕಾಲದ ಕಾಂಪ್ಯಾಕ್ಟ್ ಕ್ಯಾಮೆರಾಗಳ ಪಕ್ಕದಲ್ಲಿ ಇದು ಬಹಳ ದೊಡ್ಡ ಸುಖ. ಫೋಕಸ್ ಉಂಗುರ ಹಾಗಲ್ಲ. ತಿರುಗಿಸಿದರೆ ವಿದ್ಯುತ್ ಸಂಕೇತ ಹೋಗಿ ಮೋಟಾರ್ ಲೆನ್ಸನ್ನು ಸರಿಸುತ್ತದೆ, ಬೆರಳಿಗೂ ಗಾಜಿಗೂ ನಡುವೆ ಒಂದು ತಡೆ ಉಳಿದೇ ಹೋಗುತ್ತದೆ. ಇಷ್ಟು ಒಳ್ಳೆಯ ಲೆನ್ಸಿಗೆ ಇದು ತಕ್ಕದ್ದಲ್ಲ.

ಇ-10ರ ನಿಜವಾದ ಧೈರ್ಯ ಕಾಣುವುದು ಲೆನ್ಸಿನ ಹಿಂದೆ. ಸಾಮಾನ್ಯ ಎಸ್‌ಎಲ್‌ಆರ್‌ಗಳಲ್ಲಿ ಒಂದು ಕನ್ನಡಿ ಬೆಳಕನ್ನು ವ್ಯೂಫೈಂಡರಿಗೆ ತಿರುಗಿಸುತ್ತದೆ. ಚಿತ್ರ ತೆಗೆಯುವ ಕ್ಷಣದಲ್ಲಿ ಅದು ಟಪ್ಪೆಂದು ಮೇಲೆದ್ದು ಕಣ್ಣಿಗೆ ಕತ್ತಲು ಕವಿಸುತ್ತದೆ. ಇ-10ರಲ್ಲಿ ಏಳುವ ಕನ್ನಡಿಯೇ ಇಲ್ಲ. ಅಲ್ಲಿ ಕದಲದೆ ಕೂತ ಒಂದು ಪ್ರಿಸಮ್ ಬೆಳಕನ್ನು ಸೀಳಿ ಒಂದು ಪಾಲನ್ನು ಕಣ್ಣಿಗೂ ಇನ್ನೊಂದು ಪಾಲನ್ನು ಸೆನ್ಸರಿಗೂ ಕೊಡುತ್ತದೆ. ಕ್ಯಾನನ್ 1965ರಲ್ಲೇ ತನ್ನ ಪೆಲಿಕ್ಸ್ ಫಿಲ್ಮ್ ಕ್ಯಾಮೆರಾದಲ್ಲಿ ಅರೆಪಾರದರ್ಶಕ ಸ್ಥಿರ ಕನ್ನಡಿಯನ್ನು ಬಳಸಿತ್ತು, ಹಾಗಾಗಿ ತತ್ವ ಹೊಸದಲ್ಲ. ಆದರೆ ಡಿಜಿಟಲ್‌ಗೆ ಬಂದಾಗ ಅದರ ಫಲ ಬೇರೆಯೇ ಆಯಿತು. ಸೆನ್ಸರಿಗೆ ಸದಾ ಬೆಳಕು ಬೀಳುತ್ತಿರುವುದರಿಂದ ದೃಶ್ಯವನ್ನು ಹಿಂಬದಿಯ ಪರದೆಯಲ್ಲಿ ನೇರವಾಗಿ ನೋಡಬಹುದು. ಆ ಕಾಲದ ಡಿ1, ಡಿ30ಗಳಲ್ಲಿ ತೆಗೆದ ಮೇಲೆ ಚಿತ್ರ ನೋಡಬಹುದಿತ್ತೇ ಹೊರತು ತೆಗೆಯುವ ಮುಂಚೆ ಅಲ್ಲ. ಸಾಲದ್ದಕ್ಕೆ ಇ-10ರ ಪರದೆಯನ್ನು ಹೊರಕ್ಕೆಳೆದು ವಾಲಿಸಲೂಬಹುದು. ನೆಲಮಟ್ಟದ ಹೂವಿಗೆ ಮಣ್ಣಿನಲ್ಲಿ ಮಲಗಬೇಕಿಲ್ಲ, ಕ್ಯಾಮೆರಾವನ್ನು ಕೆಳಗಿಟ್ಟು ಮೇಲಿಂದ ಬಗ್ಗಿ ನೋಡಿದರೆ ಸಾಕು. ಕನ್ನಡಿ ಬಡಿಯದ ಕಾರಣ ಶಟರ್ ಸದ್ದು ಬಹುತೇಕ ಕೇಳಿಸುವುದಿಲ್ಲ. ಸಂಗೀತ ಕಚೇರಿಯಲ್ಲಿ ಆಲಾಪ ನಡೆಯುವಾಗ ಮುಂದಿನ ಸಾಲಿನಲ್ಲಿ ಕೂತು ಚಿತ್ರ ತೆಗೆಯುವವರಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಬೇರೆ ಬೇಡ.

ಹಂಚಿದ ಬೆಳಕಿಗೆ ಬೆಲೆ ತೆರಲೇಬೇಕು. ವ್ಯೂಫೈಂಡರ್ ಮಂಕು, ಸಂಜೆಯ ಹೊತ್ತಿಗೆ ಅದರಲ್ಲಿ ಫೋಕಸ್ ನಿರ್ಧರಿಸುವುದು ಕಷ್ಟ.

ಇದಕ್ಕಿಂತ ಗಂಭೀರವಾದ ಕೊರತೆ ಶಟರಿನದು, ಮತ್ತು ಇದರ ಬಗ್ಗೆ ಯಾಕೋ ಮಾತು ಕಡಿಮೆ. ಇ-10ರ ಅತಿ ವೇಗ ಸೆಕೆಂಡಿನ 640ರಲ್ಲಿ ಒಂದು ಭಾಗ. ಅದರ ಕನಿಷ್ಠ ಐಎಸ್‌ಒ 80. ನೆತ್ತಿಯ ಬಿಸಿಲಿಗೆ ಛಾಯಾಗ್ರಾಹಕರು ಬಾಯಿಪಾಠ ಮಾಡಿಕೊಂಡ ಲೆಕ್ಕ ಎಫ್/16, ಶಟರ್ ಐಎಸ್‌ಒ ಸಂಖ್ಯೆಯಷ್ಟು. ಆ ಲೆಕ್ಕ ಹಿಡಿದರೆ 640ರ ವೇಗಕ್ಕೆ ಅಪರ್ಚರ್ ಎಫ್/5.6ರ ಆಸುಪಾಸಿಗೆ ಇಳಿಯಬೇಕು. ಎಫ್/2.0 ಬೇಕೆಂದರೆ ಶಟರ್ 5,000ದಾಚೆ ಓಡಬೇಕು, ಅದು ಆಗದ ಮಾತು. ಅಷ್ಟು ಶ್ರಮಪಟ್ಟು ಮಾಡಿದ ಲೆನ್ಸಿನ ಉತ್ತಮ ಗುಣವನ್ನು ಹಗಲಿನಲ್ಲಿ ಬಳಸಲು ಮುಂದೆ ಕಪ್ಪು ಫಿಲ್ಟರ್ ಹಾಕಿಕೊಳ್ಳಬೇಕು. ಲೆನ್ಸ್ ಬಾಯಿ 62 ಮಿಲಿಮೀಟರಿನದಾದ್ದರಿಂದ ಫಿಲ್ಟರ್ ಸುಲಭವಾಗಿ ಸಿಗುತ್ತದೆ ಎಂಬುದಷ್ಟೇ ಸಮಾಧಾನ. 2001ರ ಇ-20ರಲ್ಲಿ ಒಂದು ವಿಶೇಷ ವಿಧಾನದ ಮೂಲಕ ವೇಗವನ್ನು 18,000ಕ್ಕೆ ಏರಿಸಿದರು, ಆದರೆ ಆ ವಿಧಾನದಲ್ಲಿ ಅದರ ಐದು ಮೆಗಾಪಿಕ್ಸೆಲ್ ಅರ್ಧಕ್ಕೆ ಇಳಿಯುತ್ತದೆ.

ಕೈಗೆ ಕ್ಯಾಮೆರಾ ಗಟ್ಟಿಯಾಗಿ ಒದಗುತ್ತದೆ. ಎರಕದ ಲೋಹದ ದೇಹ, ಬ್ಯಾಟರಿ ಬಿಟ್ಟೇ ಒಂದು ಕಿಲೋಗಿಂತ ತುಸು ಹೆಚ್ಚು ತೂಕ. ಆ ಭಾರದ ಬಹುಪಾಲು ಎಡಗೈ ಹಿಡಿಯುವ ಲೆನ್ಸಿನ ಬುಡದಲ್ಲೇ ಇರುವುದರಿಂದ ಅದು ಕೈಯನ್ನು ನಿಲ್ಲಿಸುತ್ತದೆ, ದಣಿಸುವುದಿಲ್ಲ. ಮುಖ್ಯ ನಿಯಂತ್ರಣಗಳಿಗೆ ಪ್ರತ್ಯೇಕ ಗುಂಡಿಗಳೂ ಎರಡು ಚಕ್ರಗಳೂ ಇವೆ, ಮೆನುವಿನೊಳಗೆ ಹುಡುಕಾಡುವ ಕೆಲಸ ಕಡಿಮೆ. ಕಾಂಪ್ಯಾಕ್ಟ್‌ಫ್ಲ್ಯಾಶ್, ಸ್ಮಾರ್ಟ್‌ಮೀಡಿಯಾ ಎರಡೂ ಬಗೆಯ ಮೆಮೊರಿ ಕಾರ್ಡಿಗೆ ಜಾಗ ಉಂಟು. ನಾಲ್ಕು ಎಎ ಬ್ಯಾಟರಿ ಹಾಕಬಹುದು ಎಂಬುದು ಪೇಟೆಯಿಂದ ದೂರ ಹೋಗುವವರಿಗೆ ಒಳ್ಳೆಯ ಸುದ್ದಿ, ಆದರೆ ಪರದೆ ಹಚ್ಚಿಟ್ಟರೆ ಅವು ಬೇಗ ಖಾಲಿ. ಒಟ್ಟಿಗೆ ನಾಲ್ಕು ಚಿತ್ರ ತೆಗೆದ ಮೇಲೆ ಕ್ಯಾಮೆರಾ ಬರೆದು ಮುಗಿಸುವ ತನಕ ಕಾಯಬೇಕು.

ಇನ್ನು ಲೆನ್ಸಿನ ವ್ಯಾಪ್ತಿಯ ಮಾತು. 140 ಮಿಲಿಮೀಟರಿನಲ್ಲಿ ಹಕ್ಕಿಯ ಚಿತ್ರ ಆಗದು, 35ರಲ್ಲಿ ಇಕ್ಕಟ್ಟಾದ ಪಡಸಾಲೆಯಲ್ಲಿ ನಿಂತ ಇಡೀ ಕುಟುಂಬ ಹಿಡಿಸದು. ಒಲಿಂಪಸ್ ಇದಕ್ಕೆ ಮುಂಭಾಗಕ್ಕೆ ತೊಡಿಸುವ ಕನ್ವರ್ಟರುಗಳನ್ನು ಕೊಟ್ಟಿತು. 0.8 ಪಟ್ಟಿನದು 28ಕ್ಕೆ ಇಳಿಸುತ್ತದೆ, 1.4 ಪಟ್ಟಿನದು ಹತ್ತಿರ ಹತ್ತಿರ 200ಕ್ಕೆ, ಮೂರು ಪಟ್ಟಿನ ದೈತ್ಯ 420ಕ್ಕೆ ಏರಿಸುತ್ತದೆ. ಅಂದರೆ ವ್ಯಾಪ್ತಿಯ ಕೊರತೆಗೆ ಮದ್ದಿತ್ತು. ಲೆನ್ಸ್ ಬದಲಾಗದು ಎಂಬ ಆಕ್ಷೇಪ ಅಲ್ಲಿಗೆ ಅರ್ಧ ಸೋಲುತ್ತದೆ.

ಮದ್ದಿಲ್ಲದ್ದು ಇನ್ನೊಂದಿತ್ತು. ಒಳ್ಳೆಯ ಗಾಜಿಗೆ ವಯಸ್ಸಾಗುವುದು ದಶಕಗಳ ಲೆಕ್ಕದಲ್ಲಿ, ಸೆನ್ಸರಿಗೆ ವರ್ಷಗಳ ಲೆಕ್ಕದಲ್ಲಿ. ಇ-10ರ ನಾಲ್ಕು ಮೆಗಾಪಿಕ್ಸೆಲ್ ಸೆನ್ಸರ್ ಐಎಸ್‌ಒ 320ಕ್ಕಿಂತ ಮೇಲೆ ಹೋಗುವುದೇ ಇಲ್ಲ. ಮೂರು ವರ್ಷದೊಳಗೆ ಅದು ಹಳತಾಯಿತು, ಮತ್ತು ಹಳತಾಗುವಾಗ ಆ ಅಪೂರ್ವ ಲೆನ್ಸನ್ನೂ ತನ್ನ ಜೊತೆ ಕೊಂಡೊಯ್ದಿತು. ಬಿಚ್ಚಿ ಹೊಸ ದೇಹಕ್ಕೆ ಹಾಕುವಂತಿದ್ದರೆ ಆ ಗಾಜು ಇವತ್ತಿಗೂ ದುಡಿಯುತ್ತಿತ್ತು. ಈ ನಷ್ಟವನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

2003ರಲ್ಲಿ ಒಲಿಂಪಸ್ ಇ-1ರ ಮೂಲಕ ಲೆನ್ಸ್ ಬದಲಾಯಿಸುವ ದಾರಿಗೆ ಬಂತು. ತೆರೆದ ಬಾಯಿಯಿಂದ ಒಳಬರುವ ಧೂಳನ್ನು ಕೊಡವಲು ಸೆನ್ಸರಿನ ಮುಂದೆ ಶ್ರವಣಾತೀತ ಕಂಪನದ ಫಿಲ್ಟರ್ ಇಡಬೇಕಾಯಿತು. ಜೊತೆಗೆ ಬಂದ 14-54 ಜೂಮಿನ ಅಪರ್ಚರ್ ಎಫ್/2.8ರಿಂದ 3.5, ಇ-10ಕ್ಕಿಂತ ಒಂದು ಮೆಟ್ಟಿಲು ಕೆಳಗೆ. ಏಳುವ ಕನ್ನಡಿ ಮರಳಿ ಬಂದಿತ್ತು, ಪರದೆಯಲ್ಲಿ ನೇರ ದೃಶ್ಯ ಹೋಗಿತ್ತು. ನೇರ ದೃಶ್ಯವೂ ವಾಲುವ ಪರದೆಯೂ ಮತ್ತೆ ಕೈಗೆ ಬಂದದ್ದು 2006ರ ಇ-330ರಲ್ಲಿ. ಆದರೆ ಅದರಲ್ಲೂ ಕನ್ನಡಿ ಪಕ್ಕಕ್ಕೆ ಬಡಿಯುತ್ತಿತ್ತು, ಇ-10ರ ಮೌನ ಅದಕ್ಕೆ ದಕ್ಕಲಿಲ್ಲ.